ದೊಡ್ಡ ಟೈರಿಗೆ ತಕ್ಕ ಹಲ್ಲುಚಕ್ರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ, ಕಲ್ಲುಬಂಡೆಗಳ ದಾರಿಯಲ್ಲಿ ಸಾಗಲೆಂದು, ಟ್ರಕ್ಕಿನ ಒಡಲನ್ನು ಮೇಲೆತ್ತಿ ದೊಡ್ಡ ಟೈರುಗಳನ್ನು ತೊಡಿಸುವ ರೂಢಿಯುಂಟು. ೩೧ ಅಂಗುಲ ವ್ಯಾಸದ ಟೈರುಗಳಿಗೆ ಬದಲಾಗಿ ೩೫ ಅಂಗುಲದವನ್ನು ಹಾಕಿದೆವೆಂದು ಭಾವಿಸೋಣ. ಆಗ ಆಗುವುದೇನು?

ಇರುಸಿನ ತಿರುಚುಬಲವನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ವಾಹನವನ್ನು ಮುಂದೂಡುವ ಬಲವು ದೊರೆಯುತ್ತದೆ. ತ್ರಿಜ್ಯವು ಹೆಚ್ಚಿದಂತೆ ಈ ಬಲವು ಕುಗ್ಗುವುದು. ಇಲ್ಲಿ ನೂರಕ್ಕೆ ಸುಮಾರು ೧೧ರಷ್ಟು. ಏರುದಾರಿಯಲ್ಲಿ ವಾಹನವು ಏದುಸಿರು ಬಿಡುವುದು ಇದರಿಂದಲೇ.

ಇದಕ್ಕೆ ಪರಿಹಾರವು ಇರುಸಿನ ಹಲ್ಲುಚಕ್ರಗಳಲ್ಲಿದೆ. ೧೧ ಹಲ್ಲುಗಳ ಕಿರುಚಕ್ರವು ೪೧ ಹಲ್ಲುಗಳ ಹಿರಿಚಕ್ರವನ್ನು ತಿರುಗಿಸಿದರೆ ನಿಷ್ಪತ್ತಿಯು ೩.೭೩. ಇದನ್ನು ೩೫ರಿಂದ ಗುಣಿಸಿ ೩೧ರಿಂದ ಭಾಗಿಸಿದರೆ ೪.೨೧ ಬರುತ್ತದೆ. ಪೇಟೆಯಲ್ಲಿ ದೊರೆಯುವ ಸಮೀಪದ ನಿಷ್ಪತ್ತಿಗಳು ೪.೧೦ ಮತ್ತು ೪.೫೬. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ, ನೇರ ಗಿಯರಿನಲ್ಲಿ, ಎಂಜಿನ್ನು ಮೊದಲು ನಿಮಿಷಕ್ಕೆ ಸುಮಾರು ೨,೫೧೦ ಸುತ್ತು ತಿರುಗುತ್ತಿತ್ತು. ದೊಡ್ಡ ಟೈರಿನೊಡನೆ ೪.೧೦ರಲ್ಲಿ ೨,೪೫೦, ೪.೫೬ರಲ್ಲಿ ೨,೭೨೦ ಸುತ್ತು ತಿರುಗುವುದು. ಸಮತಟ್ಟಾದ ಹೆದ್ದಾರಿಯ ಪಯಣವೇ ಹೆಚ್ಚಾದರೆ ಮೊದಲನೆಯದು ಮಿತವ್ಯಯಕರ. ಹೊರೆಯೂ ಏರುಗಳೂ ಹೆಚ್ಚಾದರೆ ಎರಡನೆಯದೇ ಲೇಸು.

ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ವಾಹನದಲ್ಲಿ ಹಿಂದು ಮುಂದಿನ ಇರುಸುಗಳೆರಡರ ನಿಷ್ಪತ್ತಿಯನ್ನೂ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಅವು ಒಂದರೊಡನೊಂದು ಸೆಣಸಿ ಮುರಿಯಬಹುದು. ವೇಗಮಾಪಕವನ್ನೂ ತಿದ್ದಿಸಬೇಕು, ಟೈರನ್ನು ಮಾತ್ರ ಬದಲಿಸಿದರೆ, ಅದು ೧೦೦ ಎಂದು ತೋರಿದಾಗ ನಿಜವಾದ ವೇಗವು ಸುಮಾರು ೧೧೩ ಆಗಿರುತ್ತದೆ.

ಕೊನೆಯದಾಗಿ, ತ್ರಿಜ್ಯದ ನಿಯಮವು ಬ್ರೇಕಿಗೂ ಅನ್ವಯಿಸುತ್ತದೆ. ಚಕ್ರವು ಹಿರಿದಾದಷ್ಟೂ ಬ್ರೇಕಿನ ಹಿಡಿತವು ಕುಗ್ಗುವುದು. ಹೊಸ ಹಲ್ಲುಚಕ್ರವು ಎಂಜಿನ್ನಿನ ಶ್ರಮವನ್ನು ತಗ್ಗಿಸೀತು, ಬ್ರೇಕಿನ ಶ್ರಮವನ್ನಲ್ಲ. ಓಡಿಸುವ ಬಲವನ್ನು ಲೆಕ್ಕಹಾಕುವ ನಾವು ನಿಲ್ಲಿಸುವ ಬಲವನ್ನು ಮರೆಯಲಾಗದು.