ಅಗ್ರಿಮೆಂಟು ಬರೆಸಿದರೆ ಹೊಲ ನಮ್ಮದಾಗೊಲ್ಲ

ನಮ್ಮ ಬದುವಿಗೆ ಅಂಟಿದ 2 ಎಕರೆ ಖುಷ್ಕಿ ಜಮೀನನ್ನು 2014ರ ಜೂನ್‌ನಲ್ಲಿ ಮಾತಾಡಿ, ಒಂದೂವರೆ ಲಕ್ಷ ಮುಂಗಡ ಕೊಟ್ಟೆ. ಛಾಪಾ ಕಾಗದದಲ್ಲಿ ಅಗ್ರಿಮೆಂಟೂ ಆಯಿತು. 6 ತಿಂಗಳಲ್ಲಿ ಕ್ರಯ ಅಂತ ಗಡುವು. ಆಮೇಲೆ ಶುರುವಾಯಿತು ನೋಡಿ, ‘ಪೋಡಿ ಆಗಲಿ’, ‘ಮಗಳ ಮದುವೆ ಮುಗೀಲಿ’. ಪಕ್ಕದ ಹೊಲದವರು, ಹೇಗೆ ಜಗಳ ಆಡೋದು? ಸುಮ್ಮನಿದ್ದೆ.

2018ರ ಮಾರ್ಚ್‌ನಲ್ಲಿ ವಕೀಲರ ಹತ್ತಿರ ಹೋದೆ. ‘3 ತಿಂಗಳು ತಡ ಮಾಡಿದಿರಲ್ಲ ಯಜಮಾನರೇ’ ಅಂದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ಅಗ್ರಿಮೆಂಟಿನಿಂದ ಹೊಲದ ಮೇಲೆ ಹಕ್ಕು ಹುಟ್ಟೊಲ್ಲ. ಕ್ರಯಪತ್ರ ಮಾಡಿಕೊಡಿ ಅಂತ ಕೇಳುವ ಹಕ್ಕಷ್ಟೇ ಸಿಗೋದು. ಹೊಲ ನಮ್ಮದಾಗೋದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾದ ಮೇಲೇ.

ಕೇಳುವ ಹಕ್ಕಿಗೂ ಆಯಸ್ಸು ಇದೆ. 1963ರ ಕಾಲಮಿತಿ ಕಾಯ್ದೆಯಂತೆ, ಗಡುವು ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಗಡುವೇ ಬರೆಯದಿದ್ದರೆ, ಮಾರುವವರು ಒಲ್ಲೆ ಅಂದದ್ದು ನಮಗೆ ತಿಳಿದ ದಿನದಿಂದ ಲೆಕ್ಕ. ಗಡುವು ಮುಂದಕ್ಕೆ ಹಾಕಿದರೆ ಇಬ್ಬರೂ ಸಹಿ ಮಾಡಿ ಬರೆದಿಡಿ. ಬಾಯಿಮಾತನ್ನು ಕೋರ್ಟಿನಲ್ಲಿ ತೋರಿಸೋದು ಹೇಗೆ? ನನ್ನ ಹತ್ತಿರ ಅಂಥ ಒಂದು ಚೀಟಿಯೂ ಇರಲಿಲ್ಲ.

ಊರ ಹಿರಿಯರು ಕೂತು 1 ಲಕ್ಷ ವಾಪಸು ಕೊಡಿಸಿದರು. ಉಳಿದ 50 ಸಾವಿರ ಹೋಯಿತು. ಆ ಹೊಲದ ಪಹಣಿ ಇವತ್ತಿಗೂ ಅವರ ಹೆಸರಲ್ಲೇ ಇದೆ.