ಹಳೆಯ ಗೇಮಿಂಗ್ ಕಂಪ್ಯೂಟರ್‌ಗೆ ಕಂತು ಕಂತಾಗಿ ಮರುಜೀವ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ದೊರೆಯುವುದೆಂದು ಸಂಸ್ಥೆ ಪ್ರಕಟಿಸಿತು. ಜಿಟಿಎಕ್ಸ್ 900 ಹಾಗೂ 1000 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೊಸ ಆಟಗಳಿಗೆಂದು ಹೊರತರುವ ಡ್ರೈವರ್ ಕೂಡ ಅದೇ ಅಕ್ಟೋಬರ್‌ಗೆ ಮುಗಿಯುವುದೆಂದು ಎನ್‌ವಿಡಿಯಾ ಮೊದಲೇ ತಿಳಿಸಿತ್ತು. ಹೀಗೆ ಎಂಟು–ಒಂಬತ್ತು ವರ್ಷಗಳ ಹಿಂದೆ ಆಸೆಪಟ್ಟು ಕೊಂಡ ಮನೆಯ ಗೇಮಿಂಗ್ ಕಂಪ್ಯೂಟರ್ ಏಕಕಾಲಕ್ಕೆ ಎರಡು ಕಡೆಯಿಂದ ಆಸರೆ ಕಳೆದುಕೊಂಡಿತು.

ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳೋಣವೆಂದರೆ ಕಾಲವೂ ಅನುಕೂಲಕರವಾಗಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಪರಿಣಾಮವಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗಾಗಿದ್ದ ತನ್ನ 'ಕ್ರೂಶಿಯಲ್' ಹೆಸರಿನ ವ್ಯಾಪಾರದಿಂದ ಹೊರನಡೆಯುವುದಾಗಿ ಘೋಷಿಸಿತು. ಇಂಥ ಹೊತ್ತಿನಲ್ಲಿ ಇಡೀ ಕಂಪ್ಯೂಟರನ್ನು ಬದಲಿಸುವುದಕ್ಕಿಂತ ಯುಗಾದಿಗೊಂದು, ದೀಪಾವಳಿಗೊಂದು ಬಿಡಿಭಾಗವನ್ನು ಬದಲಿಸುತ್ತ ಸಾಗುವ ಮಾರ್ಗವು ಮಧ್ಯಮ ವರ್ಗದ ಮನೆಗೆ ಸಹಜವಾಗಿಯೇ ಹೆಚ್ಚು ಒಪ್ಪುತ್ತದೆ. ಆದರೆ ಈ ಮಾರ್ಗ ಎಲ್ಲರಿಗೂ ಒಂದೇ ಉದ್ದದ್ದಲ್ಲ. ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಒಳಗಿರುವ ಮದರ್‌ಬೋರ್ಡ್.

ಒಂದೇ ವರ್ಷದ ಎರಡು ಯಂತ್ರಗಳು

2017ರಲ್ಲಿ ಅಕ್ಕಪಕ್ಕದ ಎರಡು ಮನೆಗಳು ಹೆಚ್ಚುಕಡಿಮೆ ಒಂದೇ ಮೊತ್ತಕ್ಕೆ ಕಂಪ್ಯೂಟರ್ ಕೊಂಡವೆಂದು ಭಾವಿಸೋಣ. ಒಂದು ಮನೆಯದು ಇಂಟೆಲ್‌ನ ಕೋರ್ ಐ5-7400, ಇನ್ನೊಂದರದು ಎಎಂಡಿಯ ರೈಜೆನ್ 5 1600. ಎರಡರಲ್ಲೂ 8 ಜಿಬಿಯ ಒಂದು ರ‍್ಯಾಮ್ ಪಟ್ಟಿ, 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ಅಂದಿನ ಜನಪ್ರಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್.

ಮೊದಲ ಮನೆಯ ಮದರ್‌ಬೋರ್ಡ್‌ಗೆ ಏರಿಸಬಹುದಾದ ಗರಿಷ್ಠ ಪ್ರೊಸೆಸರ್ ಎಂದರೆ ಅದೇ ತಲೆಮಾರಿನ ಐ7-7700 ಅಥವಾ ಅದರ 'ಕೆ' ರೂಪ. ಅದರಲ್ಲಿಯೂ ಕೋರ್‌ಗಳು ನಾಲ್ಕೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಆರು ಕೋರ್‌ಗಳ ಐ5-8400ರ ಸಾಕೆಟ್‌ನಲ್ಲಿಯೂ 1151 ಸಂಪರ್ಕ ಬಿಂದುಗಳೇ ಇದ್ದವು. ಆದರೆ ಇಂಟೆಲ್ ಅದಕ್ಕೆ 300 ಸರಣಿಯ ಹೊಸ ಮದರ್‌ಬೋರ್ಡನ್ನು ಕಡ್ಡಾಯಗೊಳಿಸಿತು. ಮೇಲಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಏಳನೆಯ ತಲೆಮಾರಿನ ಬೆರಳೆಣಿಕೆಯ ಪ್ರೊಸೆಸರ್‌ಗಳಷ್ಟೇ ಇದ್ದು, ಐ7-7700 ಅವುಗಳಲ್ಲಿ ಸೇರಿಲ್ಲ. ನಿಯಮವನ್ನು ಬಳಸು ದಾರಿಯಿಂದ ದಾಟಿ ವಿಂಡೋಸ್ 11 ಅಳವಡಿಸುವವರಿದ್ದಾರೆ. ಹಾಗೆ ಮಾಡಿದ ಯಂತ್ರಕ್ಕೆ ಮುಂದೆ ಪರಿಷ್ಕರಣೆಗಳು ಬಂದೇ ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ.

ಎರಡನೆಯ ಮನೆಯ ಕಥೆ ಬೇರೆ. ರೈಜೆನ್ 1000 ಸರಣಿಯೂ ವಿಂಡೋಸ್ 11ರ ಪಟ್ಟಿಯಿಂದ ಹೊರಗೇ ಉಳಿದಿದೆ. ಆದರೆ ಅದು ಕೂತಿರುವ ಎಎಂ4 ಎಂಬ ಸಾಕೆಟ್ಟಿಗೆ ಎಎಂಡಿ ಸಂಸ್ಥೆಯು ವರ್ಷಗಟ್ಟಲೆ ಹೊಸ ಪ್ರೊಸೆಸರ್‌ಗಳನ್ನು ಕೊಡುತ್ತ ಬಂದಿತು. 2022ರಲ್ಲಿ ಎ320, ಬಿ350, ಎಕ್ಸ್370 ಬೋರ್ಡ್‌ಗಳಿಗೂ ರೈಜೆನ್ 5000 ಸರಣಿಯ ಬೆಂಬಲ ದೊರೆಯಿತು. ಅಂದರೆ ಐದು ವರ್ಷ ಹಳೆಯ ಬೋರ್ಡಿನ ಮೇಲೆ ಎರಡು ಹೆಜ್ಜೆ ಮುಂದಿನ ವಿನ್ಯಾಸದ ಪ್ರೊಸೆಸರ್ ಕೂರಿಸುವುದು ಸಾಧ್ಯವಾಯಿತು. ವಿಂಡೋಸ್ 11ರ ಅಡಚಣೆಯೂ ಅದರೊಂದಿಗೆ ನಿವಾರಣೆಯಾಗುತ್ತದೆ.

ಆದ್ದರಿಂದ ಒಂದು ರೂಪಾಯಿ ಖರ್ಚು ಮಾಡುವ ಮುನ್ನ ತಿಳಿಯಬೇಕಾದುದು ಮದರ್‌ಬೋರ್ಡಿನ ಹೆಸರು. ಅದು ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ತಯಾರಕರ ಜಾಲತಾಣದಲ್ಲಿ ಆ ಬೋರ್ಡಿಗೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಇದೆ. ಅಂಗಡಿಯವನ ಮಾತಿಗಿಂತ ಆ ಪಟ್ಟಿಯೇ ಹೆಚ್ಚು ನಂಬಲರ್ಹ.

ರೋಗ ಯಾವುದು?

ಆಟ ತಡವರಿಸುತ್ತಿದೆ ಎಂದೊಡನೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಓಡುವುದು ಸಾಮಾನ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ರೀತಿಯಲ್ಲಿ ಹೆಚ್ಚಿನ ಹಣ ಪೋಲಾಗುತ್ತದೆ. ರೋಗ ಪತ್ತೆಗೆ ದುಬಾರಿ ಉಪಕರಣವೇನೂ ಬೇಡ. ಆಟದ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ ನೋಡಬೇಕು. ಪ್ರತಿ ಸೆಕೆಂಡಿನ ಚೌಕಟ್ಟುಗಳ ಸಂಖ್ಯೆ, ಅಂದರೆ ಎಫ್‌ಪಿಎಸ್, ಗಣನೀಯವಾಗಿ ಏರಿದರೆ ಭಾರ ಗ್ರಾಫಿಕ್ಸ್ ಕಾರ್ಡ್ ಮೇಲಿದೆ. ಏರದೇ ಇದ್ದಲ್ಲಿ ಪ್ರೊಸೆಸರ್ ಸುಸ್ತಾಗಿದೆ. ಟೆಕ್ಸ್‌ಚರ್ ಗುಣಮಟ್ಟವನ್ನು ಮಾತ್ರ ತಗ್ಗಿಸಿದಾಗ ತಡವರಿಕೆ ನಿಂತರೆ ಕಾರ್ಡಿನ ಮೆಮೊರಿ ಸಾಲುತ್ತಿಲ್ಲವೆಂದು ತಿಳಿಯಬಹುದು. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದು ಬಳಿಕ ಮಂಕಾಗುವ ಯಂತ್ರಕ್ಕೆ ಬಹುಶಃ ಬಿಸಿಯ ತೊಂದರೆಯಿದೆ.

ಈ ಕೊನೆಯದು ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯನ್ನು ಕಂಡ ಕಂಪ್ಯೂಟರ್‌ಗಳಿಗೆ ಅಪರಿಚಿತವಲ್ಲ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ವರ್ಷಗಳ ಧೂಳನ್ನು ಬ್ಲೋವರ್‌ನಿಂದ ತೆಗೆದು (ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು), ಒಣಗಿಹೋದ ಥರ್ಮಲ್ ಪೇಸ್ಟ್ ಬದಲಿಸಿದರೆ ಕಳೆದುಹೋದ ವೇಗ ಬಹುತೇಕ ಹಿಂದಿರುಗುತ್ತದೆ. ಅತ್ಯಂತ ಅಗ್ಗದ ಉನ್ನತೀಕರಣ ಇದೇ.

ಪೆಟ್ಟಿಗೆಯೊಂದಿಗೆ ಬಂದ ಎಸ್‌ಎಂಪಿಎಸ್

ಯಾರೂ ಹಣ ಹಾಕಲು ಇಷ್ಟಪಡದ, ಆದರೆ ಹಾಕಲೇಬೇಕಾದ ಬಿಡಿಭಾಗ ಎಸ್‌ಎಂಪಿಎಸ್. ಕಂಪ್ಯೂಟರ್ ಜೋಡಿಸುವಾಗ ಕ್ಯಾಬಿನೆಟ್ ಜತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಎಷ್ಟೋ ಮನೆಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಅದರ ಮೇಲೆ 450 ವ್ಯಾಟ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ನೋಡಬೇಕಾದುದು ಆ ಸಂಖ್ಯೆಯನ್ನಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ವಿದ್ಯುತ್ ಪಡೆಯುವುದು 12 ವೋಲ್ಟ್ ಮಾರ್ಗದಿಂದ. ಲೇಬಲ್ಲಿನ ಮೇಲೆ ಆ ಮಾರ್ಗಕ್ಕೆ 18 ಆಂಪಿಯರ್ ಎಂದಿದ್ದರೆ 12 ಗುಣಿಸು 18, ಅಂದರೆ ನಿಜವಾಗಿ ಕೈಗೆ ಸಿಗುವುದು 216 ವ್ಯಾಟ್. 65 ವ್ಯಾಟ್ ಎಂದು ಹೆಸರಿಸಲಾದ ರೈಜೆನ್ ಪ್ರೊಸೆಸರ್ ಭಾರ ಬಿದ್ದಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ 132 ವ್ಯಾಟ್‌ನ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡನ್ನು ಸೇರಿಸಿದರೆ 220. ಫ್ಯಾನ್, ಡಿಸ್ಕ್‌ಗಳನ್ನು ಎಣಿಸುವ ಮೊದಲೇ ಲೆಕ್ಕ ಮೀರಿತು.

ಇಂಥ ಮನೆಯಲ್ಲಿ ಹೊಸ ಕಾರ್ಡ್ ಹಾಕಿದೊಡನೆ ಆಟದ ನಡುವೆ ಕಂಪ್ಯೂಟರ್ ದಿಢೀರನೆ ಆರಿಹೋಗುತ್ತದೆ. ದೂಷಣೆ ಕಾರ್ಡಿಗೆ ಬರುತ್ತದೆ. ಹೀಗೆ ಆರುವುದು ಅದೃಷ್ಟವಂತರ ಮನೆಯಲ್ಲಿ ಮಾತ್ರ. ರಕ್ಷಣಾ ವ್ಯವಸ್ಥೆಯಿಲ್ಲದ ಕಳಪೆ ಎಸ್‌ಎಂಪಿಎಸ್ ಸುಡುವಾಗ ಮದರ್‌ಬೋರ್ಡನ್ನೂ ಜತೆಗೆ ಕರೆದೊಯ್ಯಬಲ್ಲದು.

ಮಧ್ಯಮ ದರ್ಜೆಯ ಗೇಮಿಂಗ್ ಕಂಪ್ಯೂಟರಿಗೆ ಹೆಸರಾಂತ ತಯಾರಕರ 550 ವ್ಯಾಟ್‌ನ ಎಸ್‌ಎಂಪಿಎಸ್ ಸಾಕು. '80 ಪ್ಲಸ್' ಎಂಬ ಮುದ್ರೆಯು ದಕ್ಷತೆಯನ್ನು ಹೇಳುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ ಎಂಬುದೂ ನೆನಪಿರಲಿ. ಕೇಬಲ್‌ಗಳನ್ನು ಬಿಚ್ಚಿ ಜೋಡಿಸಬಹುದಾದ ಮಾಡ್ಯುಲರ್ ಮಾದರಿಯನ್ನು ಕೊಂಡವರು ಹಳೆಯ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಕೂಡದು. ತುದಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿರುವುದರಿಂದ ಡಿಸ್ಕ್‌ಗಳು ಸುಟ್ಟುಹೋಗುತ್ತವೆ. ಹಳೆಯ ಮನೆಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುವುದಾದರೆ ಎಸ್‌ಎಂಪಿಎಸ್ ಬದಲಿಸುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸುವುದು ಲೇಸು.

ಡಿಸ್ಕ್, ರ‍್ಯಾಮ್

ಇವೆರಡರ ವಿಷಯದಲ್ಲಿ ಹೆಚ್ಚು ಚರ್ಚೆಗೆ ಆಸ್ಪದವಿಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 550 ಎಂಬಿಯಷ್ಟು ಓದುತ್ತದೆ. ಎನ್‌ವಿಎಂಇ ಮಾದರಿಯದು ಆ ಕಾಲದ ಬೋರ್ಡಿನಲ್ಲಿಯೂ 3,000 ಎಂಬಿ ದಾಟಬಲ್ಲದು. 2023ರಲ್ಲಿ ಬಂದ 'ಸ್ಟಾರ್‌ಫೀಲ್ಡ್' ಆಟವು ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯವೆಂದೇ ನಮೂದಿಸಿತು. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಟದಲ್ಲಿ ಕಾಣುವ ವ್ಯತ್ಯಾಸಕ್ಕಿಂತ ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಕಾಣುವ ವ್ಯತ್ಯಾಸವೇ ಬಹಳ ದೊಡ್ಡದು.

ರ‍್ಯಾಮ್ ಒಂದೇ ಪಟ್ಟಿಯಲ್ಲಿದ್ದರೆ ಪ್ರೊಸೆಸರಿಗೆ ಇರುವ ಎರಡು ದಾರಿಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ. ಅದೇ ಗಾತ್ರ, ಅದೇ ವೇಗದ ಎರಡನೆಯ ಪಟ್ಟಿ ಹಾಕಿದರೆ 16 ಜಿಬಿಯಾಗುವುದರ ಜತೆಗೆ ದಾರಿಯೂ ಇಮ್ಮಡಿಯಾಗುತ್ತದೆ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯವು ಇದಕ್ಕೆ ಮೀಸಲು. 3200 ವೇಗದ ರ‍್ಯಾಮ್ ಕೊಂಡು ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ಚಾಲೂ ಮಾಡದೆ, ವರ್ಷಗಟ್ಟಲೆ 2133ರಲ್ಲಿ ಓಡಿಸಿದವರು ಕಡಿಮೆಯೇನಿಲ್ಲ. ಡಿಡಿಆರ್4 ತಯಾರಿಕೆಯನ್ನು ಕಂಪನಿಗಳು ತಗ್ಗಿಸಿರುವುದರಿಂದ ಕೈಯಲ್ಲಿರುವ ಹಳೆಯ ಪಟ್ಟಿಗಳನ್ನು ಮಾರಲು ಆತುರಪಡಬೇಕಿಲ್ಲ.

ಗ್ರಾಫಿಕ್ಸ್ ಕಾರ್ಡ್: ಮೂಗಿಗಿಂತ ಮೂಗುತಿ ಭಾರ

ಕೆಲವು ಹೊಸ ಆಟಗಳ ವಿಷಯದಲ್ಲಿ ಹಳೆಯ ಕಾರ್ಡನ್ನು ಎಷ್ಟು ಓಲೈಸಿದರೂ ಪ್ರಯೋಜನವಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್' ಹಾಗೂ 2025ರ ಮೇ ತಿಂಗಳ 'ಡೂಮ್: ದ ಡಾರ್ಕ್ ಏಜಸ್' ಆಟಗಳಿಗೆ ರೇ ಟ್ರೇಸಿಂಗ್ ಸಾಮರ್ಥ್ಯವುಳ್ಳ ಚಿಪ್ ಇರಲೇಬೇಕು. ಜಿಟಿಎಕ್ಸ್ 1060ರಲ್ಲಿ ಅದಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್‌ಗಳು, ಎಎಂಡಿಯ ಆರ್‌ಎಕ್ಸ್ 6000 ಮತ್ತು ನಂತರದವು ಈ ಷರತ್ತನ್ನು ಪೂರೈಸುತ್ತವೆ. ಮನೆಯವರು ಆಡುವುದು 'ವ್ಯಾಲರಂಟ್' ಅಥವಾ 'ಕೌಂಟರ್-ಸ್ಟ್ರೈಕ್ 2' ಮಾತ್ರವೇ ಆಗಿದ್ದಲ್ಲಿ ಈ ಮಾತಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅವು ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತವೆ.

ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಅಂಶವಿದೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060ರಂಥ ಕಾರ್ಡ್‌ಗಳು ಬೋರ್ಡಿನೊಂದಿಗೆ ಹದಿನಾರರ ಬದಲು ಎಂಟು ಪಥಗಳಲ್ಲಿ ಮಾತ್ರ ಸಂಪರ್ಕ ಹೊಂದುತ್ತವೆ. ಹೊಸ ಬೋರ್ಡಿನಲ್ಲಿ ಪಥವೊಂದರ ವೇಗ ಹೆಚ್ಚಿರುವುದರಿಂದ ಇದು ಕೊರತೆಯೆನಿಸದು. 2017ರ ಬೋರ್ಡಿನಲ್ಲಿ ಪ್ರತಿ ಪಥದ ವೇಗವೂ ಅರ್ಧ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿದ ಕ್ಷಣದಲ್ಲಿ ಆಟ ಮುಗ್ಗರಿಸುವುದು ಅಲ್ಲಿ ಹೆಚ್ಚು. 2021ರ ಆರ್‌ಟಿಎಕ್ಸ್ 3060ಯ 12 ಜಿಬಿ ಮಾದರಿ ಹದಿನಾರು ಪಥಗಳನ್ನೂ ಬಳಸುತ್ತದೆ. ಹೀಗಾಗಿ ಹಳೆಯ ಬೋರ್ಡಿಗೆ ಹಳೆಯ ಕಾರ್ಡೇ ಕೆಲವೊಮ್ಮೆ ಉತ್ತಮ ಜೋಡಿ. ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಅದು 170 ವ್ಯಾಟ್ ಕೇಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ಹುಡುಕುವವರಿಗೆ ಒಂದೆರಡು ಎಚ್ಚರಿಕೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಕ್ರಿಪ್ಟೋ ಹಣದ ಗಣಿಗಾರಿಕೆ ನಿಂತ ಮೇಲೆ, ಹಗಲಿರುಳು ದುಡಿದ ಕಾರ್ಡ್‌ಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಕೆಟ್ಟವಲ್ಲ. ಫ್ಯಾನ್ ಮತ್ತು ಥರ್ಮಲ್ ಪ್ಯಾಡ್‌ಗಳು ಸವೆದಿರಬಹುದು. ಅಗ್ಗದ ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ವಂಚನೆಯೂ ಉಂಟು. 'ಜಿಪಿಯು-ಝಡ್' ಎಂಬ ಉಚಿತ ತಂತ್ರಾಂಶವು ಇಂಥ ನಕಲಿಗಳಲ್ಲಿ ಅನೇಕವನ್ನು ಗುರುತಿಸುತ್ತದೆ. ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ನೋಡಲು ಒಪ್ಪದವರ ಬಳಿ ಕೊಳ್ಳದಿರುವುದೇ ಒಳ್ಳೆಯದು. ಹೊಸದಾದರೆ ಜಿಎಸ್‌ಟಿ ಬಿಲ್ಲು ಇರಲಿ. ಬಿಲ್ ಇಲ್ಲದೆ ಉಳಿಸಿದ ಹಣ ವಾರಂಟಿ ಕೇಳಲು ಹೋದ ದಿನ ಕೈಬಿಡುತ್ತದೆ.

ಪ್ರೊಸೆಸರ್ ಬದಲಿಸುವ ದಿನ

ಎಎಂ4 ಬೋರ್ಡ್ ಇದ್ದವರಿಗೆ ಉಳಿದಿರುವುದು ಈ ಹೆಜ್ಜೆ. ರೈಜೆನ್ 5 5600ರಲ್ಲಿಯೂ 1600ರಂತೆ ಆರೇ ಕೋರ್‌ಗಳು, 65 ವ್ಯಾಟ್. ಆದರೆ ಒಂದೊಂದು ಕೋರ್ ಮಾಡುವ ಕೆಲಸ ಬಹಳ ಹೆಚ್ಚು. ಆಟಗಳಿಗೆ ಬೇಕಾದುದು ಅದೇ.

ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯೋಸ್ ಪರಿಷ್ಕರಿಸಬೇಕು. ತೆಗೆದ ಮೇಲೆ ಹೊಸದು ಹಳೆಯ ಬಯೋಸ್‌ನೊಂದಿಗೆ ಏಳುವುದೇ ಇಲ್ಲ. ಪರಿಷ್ಕರಣೆಯ ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಮದರ್‌ಬೋರ್ಡ್ ನಿರ್ಜೀವವಾಗಬಹುದು. ಲೋಡ್‌ಶೆಡ್ಡಿಂಗ್ ಇರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬಾರದು. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ನಿಜವಾಗಿ 360 ವ್ಯಾಟ್ ಅಷ್ಟೇ ಹೊತ್ತರೂ ಈ ಕೆಲಸಕ್ಕೆ ಸಾಕು. ಬಿಟ್‌ಲಾಕರ್ ಚಾಲೂ ಇದ್ದವರು ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಪ್ರೊಸೆಸರ್ ಬದಲಾದಾಗ ಅದರೊಳಗಿನ ಟಿಪಿಎಂ ಕೂಡ ಬದಲಾಗುತ್ತದೆ, ಗಣಕವು ಆ ಕೀಯನ್ನು ಕೇಳುತ್ತದೆ.

ಕೂಲರ್ ಬಿಚ್ಚುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಬಿಸಿಯಿರುವಾಗಲೇ ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಎತ್ತಬೇಕು. ನೇರವಾಗಿ ಎಳೆದರೆ ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಬಂದು ಪಿನ್‌ಗಳು ಬಾಗುತ್ತವೆ. ಬಳಿಕ ವಿಂಡೋಸ್ 11ಕ್ಕೆ ಹೋಗುವವರು ಡಿಸ್ಕ್ ಹಳೆಯ ಎಂಬಿಆರ್ ಕ್ರಮದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿಯೇ ಇರುವ 'ಎಂಬಿಆರ್2ಜಿಪಿಟಿ' ಸಾಧನವು ಕಡತಗಳನ್ನು ಅಳಿಸದೆ ಅದನ್ನು ಬದಲಿಸಿಕೊಡುತ್ತದೆ. ಆದರೂ ಮಗುವಿನ ನಾಮಕರಣದ ಫೋಟೋಗಳು ಅದೇ ಡಿಸ್ಕಿನಲ್ಲಿದ್ದರೆ ಮೊದಲು ಬೇರೆಡೆ ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ.

ಐ5-7400ರ ಮನೆಗೆ ಈ ಅವಕಾಶವಿಲ್ಲ. ಅವರು ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್‌ವರೆಗೆ ಬಂದು ನಿಲ್ಲಬೇಕು. ಆ ಖರ್ಚು ವ್ಯರ್ಥವಲ್ಲ, ಮುಂದೆ ಬೋರ್ಡ್ ಬದಲಿಸಿದ ದಿನ ಮೂರೂ ಹೊಸ ಯಂತ್ರಕ್ಕೆ ಸಾಗುತ್ತವೆ. ಡಿಡಿಆರ್4 ರ‍್ಯಾಮ್ ಕೂಡ, ಅದನ್ನೇ ಬಳಸುವ ಎಎಂ4 ಅಥವಾ ಇಂಟೆಲ್‌ನ ಎಲ್‌ಜಿಎ 1700 ಬೋರ್ಡ್ ಆಯ್ದುಕೊಂಡರೆ, ಜತೆಗೆ ಹೋಗುತ್ತದೆ. ಎಎಂಡಿಯ ನಂತರದ ಎಎಂ5 ಬೋರ್ಡ್‌ಗಳಿಗೆ ಡಿಡಿಆರ್5 ಬೇಕೇ ಬೇಕು.

ಬ್ರ್ಯಾಂಡೆಡ್ ಕಂಪನಿಗಳ ಸಿದ್ಧ ಡೆಸ್ಕ್‌ಟಾಪ್ ಕೊಂಡವರ ಸ್ಥಿತಿ ಇನ್ನೂ ಇಕ್ಕಟ್ಟು. ಕೆಲವು ಮಾದರಿಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ನಡುವಿನ ಕನೆಕ್ಟರ್ ಸಾಮಾನ್ಯ ಅಳತೆಯದಲ್ಲ. ಅಂಥಲ್ಲಿ ಬೋರ್ಡಿನಿಂದಲೇ 75 ವ್ಯಾಟ್ ಪಡೆದು ನಡೆಯುವ, ಪ್ರತ್ಯೇಕ ವಿದ್ಯುತ್ ಕೇಬಲ್ ಬೇಡದ ಜಿಟಿಎಕ್ಸ್ 1650ರಂಥ ಕಾರ್ಡಿನ ಆಚೆಗೆ ಯೋಚಿಸುವುದು ಕಷ್ಟ. ಅದರಲ್ಲಿಯೂ ಕೇಬಲ್ ಕೇಳುವ ಮಾದರಿಗಳಿರುವುದರಿಂದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ಕೊಳ್ಳಬೇಕು.

ಬದಲಿಸಿದ ಭಾಗಗಳಲ್ಲಿ ಕೆಲಸ ಮಾಡುವವನ್ನು ಕಾಲೇಜಿಗೆ ಹೋಗುವ ನೆಂಟರ ಮಕ್ಕಳ ಕಂಪ್ಯೂಟರಿಗೆ ದಾಟಿಸಬಹುದು. ಕೆಟ್ಟವನ್ನು ಗುಜರಿಗೆ ಕೊಡದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು. ಹಾರ್ಡ್ ಡಿಸ್ಕ್ ಮಾತ್ರ ಯಾರಿಗೇ ಕೊಡುವುದಿದ್ದರೂ ಕ್ವಿಕ್ ಫಾರ್ಮ್ಯಾಟ್ ಸಾಲದು. ಪೂರ್ಣ ಫಾರ್ಮ್ಯಾಟ್ ಮಾಡಿದಾಗಲೇ ವಿಂಡೋಸ್ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. 1 ಟಿಬಿ ಡಿಸ್ಕಿಗೆ ಇದು ಕೆಲವು ಗಂಟೆಗಳನ್ನೇ ತೆಗೆದುಕೊಳ್ಳುವುದರಿಂದ ರಾತ್ರಿ ಮಲಗುವ ಮುನ್ನ ಆರಂಭಿಸಿಡುವುದು ಅನುಕೂಲ.