ಕ್ರಿಯಾಪದ ಕೊನೆಗೆ ಬರುವ ಯಂತ್ರ

ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಕಾಲೇಜು ವಿದ್ಯಾರ್ಥಿಯ ಚೀಲವನ್ನು ಬಿಚ್ಚಿ ನೋಡಿದರೂ ಅದರೊಳಗಿನ ಕ್ಯಾಲ್ಕ್ಯುಲೇಟರ್ ಬಹುಮಟ್ಟಿಗೆ ಒಂದೇ ಕುಲದ್ದು: ಕ್ಯಾಸಿಯೊ ಕಂಪೆನಿಯ ಎಫ್‌ಎಕ್ಸ್-82, ಇಲ್ಲವೆ 991. ಕುಂದಾಪುರದ ಪುಸ್ತಕದಂಗಡಿಯಲ್ಲಿ ಕೇಳಿದರೂ ಕೈಗೆ ಬರುವುದು ಅದೇ. ಆದಕಾರಣ ಹೊರನಾಡುಗಳಲ್ಲಿ ಈ ಪುಟ್ಟ ಯಂತ್ರಗಳ ಸಲುವಾಗಿ ಹ್ಯೂಲೆಟ್ ಪ್ಯಾಕರ್ಡ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಕ್ಯಾಸಿಯೊ ಎಂಬ ಮೂರು ಮನೆತನಗಳ ನಡುವೆ ದಶಕಗಳ ಕಾಲ ನಡೆದ ಕಾಳಗದ ಸದ್ದು ನಮ್ಮ ಕರಾವಳಿಗೆ ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಒಂದು ವಿಚಿತ್ರ ನಮ್ಮವರ ಗಮನಕ್ಕೆ ಬರುತ್ತಿತ್ತು. ಆ ಮೂವರಲ್ಲಿ ಒಬ್ಬರು ತಮಗರಿಯದೆಯೇ ಕನ್ನಡದ ವಾಕ್ಯರಚನೆಯ ಪಕ್ಷ ವಹಿಸಿದ್ದರು!

1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನವರು ಎಚ್.ಪಿ.-35 ಎಂಬ ಯಂತ್ರವನ್ನು 395 ಡಾಲರಿಗೆ ಮಾರಾಟಕ್ಕಿಟ್ಟರು. ಅದಕ್ಕೆ ಸಮಚಿಹ್ನೆಯ ಗುಂಡಿಯೇ ಇರಲಿಲ್ಲ. ಎಂಟನ್ನೂ ಐದನ್ನೂ ಕೂಡಿಸಬೇಕಾದರೆ ಮೊದಲು ಎಂಟನ್ನು ಒತ್ತಿ, ಅದು ಒಳಹೋಗಲೆಂದು 'ಎಂಟರ್' ಒತ್ತಿ, ಬಳಿಕ ಐದು, ಕಟ್ಟಕಡೆಗೆ ಸಂಕಲನದ ಚಿಹ್ನೆ. ಪೋಲೆಂಡಿನ ತರ್ಕಶಾಸ್ತ್ರಜ್ಞ ಲುಕಸೆವಿಚ್ ಚಿಹ್ನೆಯನ್ನು ಸಂಖ್ಯೆಗಳ ಮುಂದಿಟ್ಟು ಬರೆಯುವ ಪದ್ಧತಿಯೊಂದನ್ನು ರೂಪಿಸಿದ್ದನು. ಅದನ್ನು ತಿರುಗಿಸಿದ್ದರಿಂದ ಇದಕ್ಕೆ ವಿಲೋಮ ಪೋಲಿಷ್ ಪದ್ಧತಿಯೆಂದು ಹೆಸರು. ಇದನ್ನು ಕಲಿಯಲು ಇಂಗ್ಲಿಷ್ ಮಾತಿನ ಕ್ರಮಕ್ಕೆ ಒಗ್ಗಿದವರು ತಡವರಿಸಿದರೆಂದು ಕೇಳಿದಾಗ ನನಗೆ ನಗು ಬಂತು. ಗಣಿತದ ಉಪಾಧ್ಯಾಯನಾಗಿ ನಾನು ಹಲಗೆಯ ಮುಂದೆ ನಿಂತು ಏನೆಂದು ಹೇಳುತ್ತಿದ್ದೆ? "ಮೂರಕ್ಕೆ ನಾಲ್ಕು ಕೂಡಿಸಿ, ಐದಕ್ಕೆ ಆರು ಕೂಡಿಸಿ, ಎರಡನ್ನೂ ಗುಣಿಸು." ಎಚ್.ಪಿ. ಯಂತ್ರದ ಗುಂಡಿಗಳನ್ನು ಒತ್ತುವ ಕ್ರಮ ಇದೇ, ಅಕ್ಷರಶಃ ಇದೇ. ಆವರಣ ಚಿಹ್ನೆ ಬೇಕಿಲ್ಲ. ಉತ್ತರ ಎಪ್ಪತ್ತೇಳು ತಾನೇ ಬಂದು ನಿಲ್ಲುತ್ತದೆ. ನಮ್ಮ 'ಕೂಡಿಸಿ' ಎಂಬ ಕೃದಂತವು ಅರ್ಧ ಮುಗಿದ ಲೆಕ್ಕವನ್ನು ಹೇಗೆ ಬಗಲಲ್ಲಿ ಹಿಡಿದುಕೊಂಡು ಮುಂದಿನ ಮಾತಿಗೆ ಕಾಯುತ್ತದೆಯೋ, ಹಾಗೆಯೇ ಆ ಯಂತ್ರವೂ ಒಂದರ ಮೇಲೊಂದು ಪೇರಿಸಿದ ನಾಲ್ಕು ಅರೆಗಳಲ್ಲಿ ಮಧ್ಯದ ಉತ್ತರಗಳನ್ನು ಹಿಡಿದಿಡುತ್ತದೆ. ವಾಚಕರಲ್ಲಿ ವ್ಯಾಕರಣ ಬಲ್ಲವರು ಇದನ್ನು ನನಗಿಂತ ಚೆನ್ನಾಗಿ ವಿವರಿಸಿಯಾರು.

ಟೆಕ್ಸಾಸಿನವರೂ ಕ್ಯಾಸಿಯೊದವರೂ ಪುಸ್ತಕದಲ್ಲಿ ಬರೆಯುವ ಬಗೆಯನ್ನೇ ಹಿಡಿದರು. ಜಗಳ ನಿಜವಾಗಿ ಕಾವೇರಿದ್ದು ಯಂತ್ರಕ್ಕೆ ಕೆಲಸವನ್ನು ಮುಂಚಿತವಾಗಿ ಕಲಿಸಿಡುವ ವಿಷಯದಲ್ಲಿ, ಅಂದರೆ ಪ್ರೋಗ್ರಾಮಿನಲ್ಲಿ. 1974ರ ಎಚ್.ಪಿ.-65 ನೂರು ಹೆಜ್ಜೆಗಳ ಆದೇಶವನ್ನು ಬೆರಳಗಲದ ಕಾಂತಪಟ್ಟಿಯೊಂದರ ಮೇಲೆ ಬರೆದಿಡುತ್ತಿತ್ತು. ಮರುವರ್ಷ ಅಮೆರಿಕನ್ನರೂ ರಷ್ಯನ್ನರೂ ಅಂತರಿಕ್ಷದಲ್ಲಿ ಕೈಕುಲುಕಿದಾಗ ಅದು ಅಪೊಲೊ ನೌಕೆಯಲ್ಲಿತ್ತು. ಅದೇ ವರ್ಷ ಟೆಕ್ಸಾಸಿನವರು 224 ಹೆಜ್ಜೆಗಳ ಯಂತ್ರವನ್ನು ತಂದರು; 1977ರಲ್ಲಿ 960 ಹೆಜ್ಜೆಗಳದ್ದನ್ನು. 1985ರಲ್ಲಿ ಕ್ಯಾಸಿಯೊ ಇವರಿಬ್ಬರನ್ನೂ ಹಿಂದಿಕ್ಕಿ, ಸಮೀಕರಣದ ವಕ್ರರೇಖೆಯನ್ನು ತೆರೆಯ ಮೇಲೆ ಎಳೆದು ತೋರಿಸುವ ಮೊದಲ ಗ್ರಾಫ್ ಕ್ಯಾಲ್ಕ್ಯುಲೇಟರನ್ನು ಹೊರತಂದಿತು. ಅದರ ಪ್ರೋಗ್ರಾಮಿಗೆ ಇದ್ದ ಜಾಗ 422 ಬೈಟ್. ಈ ಲೇಖನದ ಒಂದೆರಡು ವಾಕ್ಯಗಳೂ ಅದರಲ್ಲಿ ಹಿಡಿಸವು.

ಆದರೂ ಅಮೆರಿಕೆಯ ಶಾಲೆಗಳನ್ನು ಗೆದ್ದವರು ಟೆಕ್ಸಾಸಿನವರು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡೆಮಾನಾ, ವೇಟ್ಸ್ ಎಂಬ ಇಬ್ಬರು ಗಣಿತ ಪ್ರಾಧ್ಯಾಪಕರ ಸಲಹೆ ಪಡೆದು 1990ರಲ್ಲಿ ಟಿ.ಐ.-81 ಬಂತು, ಉಪಾಧ್ಯಾಯರಿಗೆ ತರಬೇತಿ ಶಿಬಿರಗಳೂ ಜೊತೆಗೆ ಬಂದವು. 1995ರಿಂದ ಅಲ್ಲಿಯ ಕಲನಶಾಸ್ತ್ರದ ಎ.ಪಿ. ಪರೀಕ್ಷೆಗೆ ಗ್ರಾಫ್ ಯಂತ್ರ ಕಡ್ಡಾಯವಾಯಿತು. ಯಂತ್ರ ಉತ್ತಮವಾದರಷ್ಟೇ ಸಾಲದು, ಮೇಷ್ಟರು ಒಲಿಯಬೇಕು ಎಂಬುದನ್ನು ಆ ಕಂಪೆನಿ ಬಲ್ಲುದು.

ಕೆಲವು ವರ್ಷಗಳ ಹಿಂದೆ ನೆರೆಮನೆಯವರ ಮೊಮ್ಮಗನೊಬ್ಬನು ಬೇಸಗೆಯ ರಜೆಗೆ ಅಮೆರಿಕದಿಂದ ಬಂದಿದ್ದನು. ಅವನ ಬಳಿ ಅಣ್ಣನು ಬಳಸಿ ಬಿಟ್ಟ ಟಿ.ಐ.-83 ಪ್ಲಸ್ ಇತ್ತು. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮೂರ ಹುಡುಗನೂ ಅವನೂ ಜಗಲಿಯಲ್ಲಿ ಕುಳಿತು ಟ್ಯಾನ್‌ನ ವಕ್ರರೇಖೆಯನ್ನು ಎಳೆಸಿದರು. ತೆರೆಯ ಮೇಲೆ ನೆಟ್ಟಗೆ ಕೆಲವು ಕಂಬಗಳು ಎದ್ದವು. ಬಂದವನು ಅದೂ ವಕ್ರರೇಖೆಯ ಭಾಗವೆಂದೇ ತಿಳಿದಿದ್ದನು. ನಮ್ಮವನು ನನ್ನ ಕಡೆ ತಿರುಗಿ, "ಮಾಷ್ಟ್ರೇ, ತೊಂಬತ್ತ್ ಡಿಗ್ರಿಗೆ ಟ್ಯಾನೇ ಇಲ್ಲ ಅಲ್ದಾ? ಮತ್ತ್ ಈ ಗೆರಿ ಎಲ್ಲಿಂದ ಬಂತ್?" ಎಂದನು. ಪ್ರಶ್ನೆ ಸರಿಯಾಗಿತ್ತು. ತೆರೆಯ ಅಗಲ 96 ಚುಕ್ಕೆ. ಯಂತ್ರವು ಚುಕ್ಕೆಗೊಂದರಂತೆ ಬೆಲೆ ಕಂಡುಹಿಡಿದು ಪಕ್ಕಪಕ್ಕದವನ್ನು ಕಣ್ಣುಮುಚ್ಚಿ ಜೋಡಿಸಿಬಿಡುತ್ತದೆ. ಆಕಾಶದಲ್ಲಿದ್ದ ಚುಕ್ಕೆಗೂ ಪಾತಾಳದಲ್ಲಿದ್ದ ಚುಕ್ಕೆಗೂ ಗೆರೆ ಬಿದ್ದಿತ್ತು. ಇಲ್ಲಿಗೆ ಕುಂದಾಪುರ ಗೆದ್ದಿತೆನ್ನಿ. ಬಳಿಕ ಬಂದವನು ಒಂದು ಸಮೀಕರಣದ ಮೂಲವು ಯಾವ ಎರಡು ಸಂಖ್ಯೆಗಳ ನಡುವೆ ಇದೆಯೋ ಆ ಅಂತರವನ್ನು ಅರ್ಧರ್ಧ ಮಾಡುತ್ತ ಹುಡುಕುವ ಪ್ರೋಗ್ರಾಮನ್ನು ಹತ್ತಾರು ಸಾಲುಗಳಲ್ಲಿ ಬರೆದು ಓಡಿಸಿದನು. ನಮ್ಮವನು ಅದೇ ಪದ್ಧತಿಯನ್ನು ಪರೀಕ್ಷೆಗಾಗಿ ಐದು ಆವೃತ್ತಿಗಳವರೆಗೆ ಕೈಯಲ್ಲಿ ಮಾಡಿದ್ದನು. ಇಪ್ಪತ್ತು ಆವೃತ್ತಿಗಳು ಕಣ್ಣೆದುರು ಮುಗಿದು ಅಂಕೆಗಳು ಒಂದೊಂದಾಗಿ ಸ್ಥಿರವಾಗುವುದನ್ನು ಆತ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದನು. ಯಾವ ಪುಟದ ಸಿದ್ಧಾಂತವೂ ಅವನಿಗೆ ಅದನ್ನು ಹಾಗೆ ತೋರಿಸಿರಲಿಲ್ಲ.

ನಮ್ಮ ಪರೀಕ್ಷಾಲಯಗಳ ಕಟ್ಟಳೆ ಪ್ರಸಿದ್ಧವಾದುದು. ಐ.ಐ.ಟಿ. ಪ್ರವೇಶದ ಜೆ.ಇ.ಇ. ಪರೀಕ್ಷೆಗೆ ಯಾವ ಕ್ಯಾಲ್ಕ್ಯುಲೇಟರೂ ಕೂಡದು. ಇಂಜಿನಿಯರಿಂಗ್ ತರಗತಿಗಳ ಪರೀಕ್ಷೆಗಳಲ್ಲಿ ಪ್ರೋಗ್ರಾಮ್ ಹಿಡಿಸದ ಯಂತ್ರವಷ್ಟೇ ಸಲ್ಲುತ್ತದೆ. ಸೂತ್ರಗಳನ್ನು ಒಳಗೆ ತುಂಬಿಕೊಂಡು ಬಂದಾರೆಂಬ ಭಯ, ಭಯ ಸುಳ್ಳಲ್ಲ. ನನ್ನ ಆಕ್ಷೇಪಣೆ ಇಷ್ಟೆ: ಮೂರು ಗಂಟೆಯ ಪರೀಕ್ಷೆಗೆಂದು ಮಾಡಿದ ಕಟ್ಟಳೆಯು ವರ್ಷವಿಡೀ ನಡೆಯುವ ಪಾಠಕ್ಕೂ ಕಟ್ಟಳೆಯಾಗಿ ಕುಳಿತಿತು. ಪರೀಕ್ಷೆಗೆ ಒಯ್ಯಲಾಗದ ಯಂತ್ರವನ್ನು ಯಾವ ತಂದೆ ಹಣಕೊಟ್ಟು ತಂದಾನು?

ಯಂತ್ರ ಕೈಯಲ್ಲಿದ್ದವರ ಪಾಡೂ ಸುಗಮವೇನಲ್ಲ. 2009ರಲ್ಲಿ ಹವ್ಯಾಸಿಗಳು ಟಿ.ಐ.-83 ಪ್ಲಸ್‌ನ ಗುಪ್ತ ಬೀಗದ ಸಂಖ್ಯೆಯನ್ನು ಅಪವರ್ತಿಸಿ ಬಿಡಿಸಿದಾಗ ಕಂಪೆನಿಯವರು ವಕೀಲರ ನೋಟೀಸು ಕಳುಹಿಸಿದರು. 2020ರಲ್ಲಿ, ಪರೀಕ್ಷೆಯ ಭದ್ರತೆಯನ್ನು ಮುಂದೊಡ್ಡಿ, ಟಿ.ಐ.-84 ಪ್ಲಸ್ ಸಿ.ಇ.ಯಲ್ಲಿ ಯಂತ್ರಭಾಷೆಯ ಪ್ರೋಗ್ರಾಮುಗಳಿಗೆ ಬಾಗಿಲು ಮುಚ್ಚಿದರು. ಕಾಸು ಕೊಟ್ಟು ಕೊಂಡ ಮೇಲೆಯೂ ಒಡೆತನ ಯಾರದೆಂಬ ತಕರಾರು ನಮ್ಮ ಗೇಣಿದಾರರಿಗೆ ಹೊಸದಾಗಿ ಕಾಣಲಾರದು.

ಈಗ ಪೈಪೋಟಿ ಪೈಥಾನ್ ಭಾಷೆಯತ್ತ ತಿರುಗಿದೆ. 2017ರಲ್ಲಿ ಫ್ರಾನ್ಸಿನ ನಮ್‌ವರ್ಕ್ಸ್ ಎಂಬ ಹೊಸಬರು ಅದನ್ನು ಕ್ಯಾಲ್ಕ್ಯುಲೇಟರಿನೊಳಗೆ ತಂದರು. ಕ್ಯಾಸಿಯೊದವರೂ ಟೆಕ್ಸಾಸಿನವರೂ ಹಿಂಬಾಲಿಸಿದರು. ನಮ್‌ವರ್ಕ್ಸ್ ಯಂತ್ರದ ಪ್ರತಿರೂಪವನ್ನು ಸಾಧಾರಣ ಕಂಪ್ಯೂಟರಿನ ತೆರೆಯ ಮೇಲೆ ಹಣ ಕೊಡದೆಯೇ ನಡೆಸಬಹುದು. ಕುಂದಾಪುರದ ಉಪಾಧ್ಯಾಯ ಮಿತ್ರರು ಟ್ಯಾನ್‌ನ ಪಾಠದ ದಿನ ಅದನ್ನೊಮ್ಮೆ ತೆರೆದು, ವಕ್ರರೇಖೆಯನ್ನು ಎಳೆಸಿ, ಅಲ್ಲಿ ಕಂಬಗಳು ಏಳುವುವೋ ಇಲ್ಲವೋ ಎಂಬುದನ್ನು ಮಕ್ಕಳಿಂದಲೇ ಹೇಳಿಸಲಿ.